ಕೆಂಪು ಬಟ್ಟೆ ಕಟ್ಟಿದ ಸಾಲು

ಸ್ನೇಹಿತರೇ, ಇವತ್ತು ಚಿಕ್ಕಮಗಳೂರಿನ ಆಸ್ಪತ್ರೆಗೆ ಮನುಷ್ಯನಾಗಿ ಹೋದವನು ಕಾಫಿ ಗಿಡವಾಗಿ ವಾಪಸ್ ಬಂದೆ.

ನನ್ನ ರಕ್ತದ ಕಾಯಿಲೆಗೆ ಹಳೇ ಮಾತ್ರೆ ಕೆಲಸ ಮಾಡುತ್ತಿಲ್ಲ. ಈ ವರ್ಷವಷ್ಟೇ ಸರ್ಕಾರದ ಒಪ್ಪಿಗೆ ಸಿಕ್ಕ ಹೊಸ ಔಷಧಿ ಶುರು ಮಾಡೋಣ ಎಂದರು ಡಾಕ್ಟರು. ಲಿವರ್‌ಗೆ ಪೆಟ್ಟು ಬೀಳಲೂಬಹುದಂತೆ.

"ಐದು ವರ್ಷ ಆದ್ಮೇಲೆ ಏನಾಗುತ್ತೆ ಸಾರ್?"

"ಗೊತ್ತಿಲ್ಲ. ಅಷ್ಟು ವರ್ಷ ಇನ್ನೂ ಯಾರೂ ತಗೊಂಡಿಲ್ಲ."

"ತಗೊಳ್ದೇ ಇದ್ರೆ?"

"ಅದು ಗೊತ್ತು" ಎಂದು ಅವರು ಕಂಪ್ಯೂಟರ್ ಕಡೆ ತಿರುಗಿದರು.

ನಾನು ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಹೊಸ ಔಷಧಿ ಬಂದರೆ ನಾವು ಇಡೀ ತೋಟಕ್ಕೆ ಹೊಡೆಯುವುದಿಲ್ಲ. ಅಂಚಿನ ಒಂದು ಸಾಲಿಗೆ ಹೊಡೆದು, ಗುರುತಿಗೆ ಕೆಂಪು ಬಟ್ಟೆ ಕಟ್ಟಿ, ಒಂದು ಮಳೆಗಾಲ ಕಾಯುತ್ತೇವೆ. ಅದನ್ನೇ ಹೇಳಿದೆ.

"ಮೊದ್ಲು ಬೇರೆ ಸಾಲಿಗೆ ಹೊಡೀರಿ ಸಾರ್. ಮುಂದಿನ ಮಳೆಗಾಲ ಕಳೀಲಿ, ನಾನೇ ಬರ್ತೀನಿ."

ಡಾಕ್ಟರು ನಗಲಿಲ್ಲ. "ಅಷ್ಟು ದಿನ ಕಾಯೋ ಹಾಗಿಲ್ಲ ಮೇಸ್ತ್ರಿ."

ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ. ಬಸ್ಸಿನಲ್ಲಿ ಹೆಂಡತಿ ಸರೋಜ ಮಾತ್ರೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಮನೇಲಿ ಒಂದು ಕೆಂಪು ಬಟ್ಟೆ ಹುಡುಕೇ, ನಂಗೂ ಕಟ್ಬೇಕು" ಎಂದೆ.

ನನ್ನ ಪ್ರತಿ ತಮಾಷೆಗೂ "ಸುಮ್ನಿರಿ ಮಾರಾಯ್ರೆ, ಸಾಕು" ಎಂದು ಬೈಯುವವಳು ಇವತ್ತು ಬೈಯಲಿಲ್ಲ. ಕಿಟಕಿಯಾಚೆ ನೋಡಿದಳು.

ಡಬ್ಬಿ ಈಗ ನನ್ನ ಮುಂದೆಯೇ ಇದೆ, ಇನ್ನೂ ತೆರೆದಿಲ್ಲ. ಅವಳ ಬದಲು ಯಾರಾದರೂ ಕಾಮೆಂಟಿನಲ್ಲಿ ಸರಿಯಾಗಿ ಬೈದು ಹೋಗಿ; ಆಮೇಲೆ ನಾನು ಮಾತ್ರೆ ನುಂಗಬೇಕು.