ಮಣ್ಣಿನೊಳಗಿನ ಹೂ

ತಿಕೋಟಾದ ಆಚೆ, ಬಬಲೇಶ್ವರದ ಬಸ್ಸಿಗೆ ಕಾಯುತ್ತ ದ್ರಾಕ್ಷಿ ತೋಟದ ಬೇಲಿಯ ಹತ್ತಿರ ನಿಂತಿದ್ದೆವು. ಕಾಲ ಬಳಿ ಉಗುರಿನಷ್ಟು ಚಿಕ್ಕ ನೀಲಿ ಹೂಗಳು. ಒಂದು ಗಿಡದ ಎಲೆ ಅಗಲ, ಪಕ್ಕದ್ದರ ಎಲೆ ಕಿರಿದು. ನಾನು ಚೀಲದಿಂದ ಭೂತಗನ್ನಡಿ ತೆಗೆಯುವಷ್ಟರಲ್ಲಿ ವಿಮಲಾ ತೀರ್ಪು ಕೊಟ್ಟಾಗಿತ್ತು.

"ಎರಡೂ ಒಂದ ಜಾತಿರಿ. ನೆರಳಿಗೆ ಇದ್ದದ್ದರ ಎಲಿ ಅಗಲ ಆಗ್ಯಾವ, ಅಷ್ಟ."

ವಿಮಲಾ ನನ್ನಂತೆಯೇ ವಿಜ್ಞಾನದ ಟೀಚರ್, ಒಂದೇ ಶಾಲೆ. ಜಿಲ್ಲೆಯ ಕಾಡುಹೂಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾಳೆ. ಆ ಪುಸ್ತಕದ ವಿಚಾರ ಮೊದಲು ಹೊಳೆದದ್ದು ನನಗೆ. ಅದು ಅವಳಿಗೆ ನೆನಪಿಲ್ಲ, ನನಗೆ ದಿನಾ ನೆನಪಾಗುತ್ತದೆ.

ಅವಳು ಬಸ್ಸಿನ ವೇಳೆ ಕೇಳಲು ಚಹಾದಂಗಡಿಗೆ ಹೋದಳು. ಬೇಲಿಯಾಚೆ ಮುದುಕಿಯೊಬ್ಬಳು ಕಸ ತೆಗೆಯುತ್ತಿದ್ದಳು. ಕಿರಿದಾದ ಎಲೆಯದನ್ನು ಕುರ್ಪಿಯಿಂದ ಮೇಲೆ ಮೇಲೆ ಸವರುತ್ತಿದ್ದಳು, ಅಗಲ ಎಲೆಯದನ್ನು ಮಾತ್ರ ಬೇರುಸಹಿತ ಅಗೆದು ತೆಗೆಯುತ್ತಿದ್ದಳು. ಯಾಕೆಂದು ಕೇಳಿದೆ.

"ಇದು ಮಣ್ಣಾಗೂ ಹೂ ಬಿಡತೈತಿ ಯವ್ವಾ, ಅಲ್ಲೇ ಬೀಜ ಕಟ್ಟತೈತಿ. ಮ್ಯಾಲಷ್ಟ ಕೊಯ್ದರ ಮತ್ತ ಬರತೈತಿ. ಆ ಸಣ್ಣ ಎಲಿದಕ್ಕ ಹಂಗಿಲ್ಲ."

ಮಣ್ಣು ಉದುರಿಸಿ ಆ ಗಿಡವನ್ನು ನನ್ನ ಅಂಗೈಯಲ್ಲಿಟ್ಟಳು. ಬೇರಿನ ನಡುವೆ ಬಿಳಿ ಎಳೆಗಳು, ಅವುಗಳ ತುದಿಗೆ ಎಂದೂ ಬಿಸಿಲು ಕಾಣದ ಪುಟ್ಟ ಮೊಗ್ಗುಗಳು. ಎರಡೂ ಬೇರೆ ಬೇರೆ ಜಾತಿ.

ಬಸ್ಸಿನಲ್ಲಿ ವಿಮಲಾ ನೋಟ್‌ಬುಕ್ ತೆರೆದು 'ಒಂದೇ ಜಾತಿ' ಎಂದು ಬರೆದು ಕೆಳಗೆ ಗೆರೆ ಎಳೆದಳು. ನಾನು ನೋಡುತ್ತ ಕುಳಿತೆ.

"ಮುಷ್ಟ್ಯಾಗ ಏನ ಹಿಡಕೊಂಡೀರಿ?"

"ಏನಿಲ್ರಿ, ಮಣ್ಣು," ಎಂದೆ.

ಬಬಲೇಶ್ವರ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ.