ಕೆರೆ ನೀರು ಯಾರೂ ಕುಡಿಯುವುದಿಲ್ಲ

೧೯೭೬ರಲ್ಲಿ ನಾನು ಸಿಂದಗಿ ತಾಲ್ಲೂಕಿನ ಒಂದು ದೊಡ್ಡ ಊರಿನಲ್ಲಿ ಓವರಸಿಯರ್ ಆಗಿದ್ದೆ. ಓವರಸಿಯರ್ ಎಂದರೆ ಟೇಪು ಹಿಡಿದು ಅಳೆಯುವವನು, ಅಳೆದದ್ದನ್ನು ಬರೆಯುವವನು, ಬರೆದದ್ದು ತಪ್ಪಾದರೆ ಬೈಸಿಕೊಳ್ಳುವವನು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ನನ್ನ ಗುರುತು ಹಿಡಿಯುತ್ತಾರೆ, ಅಂಥ ಮರ್ಯಾದೆ ನನಗೆ ಬೇಡ.

ಆ ಬೇಸಿಗೆಯಲ್ಲಿ ಊರ ಕೆರೆಯ ದಂಡೆಗೆ ಸಾರ್ವಜನಿಕ ಉದ್ಯಾನ ಮಂಜೂರಾಯಿತು. ನಕಾಶೆ ಮೇಲಿನ ಕಚೇರಿಯಲ್ಲೇ ತಯಾರಾಗಿ ಬಂದಿತ್ತು. ಬಿಚ್ಚಿ ನೋಡಿದೆ. ಕಾರಂಜಿ, ಹುಲ್ಲುಹಾಸು, ಹಾವಿನಂತೆ ಬಳುಕಿದ ಕಾಲುದಾರಿ, ಸಿಮೆಂಟಿನ ಬೆಂಚು, ಒಂದು ಮೂಲೆಯಲ್ಲಿ ಸಂಡಾಸು. ಏಪ್ರಿಲ್ ಬಂತೆಂದರೆ ಎಮ್ಮೆಗಳೇ ನೀರು ಬಿಟ್ಟು ಏಳದ ಊರಿಗೆ ಕಾರಂಜಿಯಂತೆ! ನಕಾಶೆ ಬರೆದ ಪುಣ್ಯಾತ್ಮ ನಮ್ಮ ಸೀಮೆಯ ಬಿಸಿಲನ್ನು ಕನಸಿನಲ್ಲೂ ಕಂಡವನಲ್ಲ. ಕೆರೆಯ ಅಂಚಿನ ಮರಳನ್ನು ನಾನೂರು ಅಡಿ ಉದ್ದಕ್ಕೂ ಎರಡು ಅಡಿ ಮಣ್ಣು ಹಾಕಿ ಮುಚ್ಚಬೇಕು ಎಂದು ಬೇರೆ ಬರೆದಿದ್ದ.

ಜೊತೆಗೊಂದು ಫಾರಂ ಇತ್ತು. ಈ ಕಾಮಗಾರಿಯಿಂದ ನೀರಿಗೆ, ಗಿಡಮರಕ್ಕೆ, ಜನರಿಗೆ ಏನು ತೊಂದರೆ ಎಂದು ಸ್ಥಳದಲ್ಲೇ ವಿಚಾರಿಸಿ ತುಂಬಬೇಕು. ಪರಿಸರ ಎಂಬ ಮಾತು ಆಗ ನಮ್ಮ ಕಚೇರಿಗೆ ಹೊಸದು. ಅದನ್ನು ತುಂಬಿಸಲೆಂದು ಕಾರ್ಯನಿರ್ವಾಹಕ ಇಂಜಿನಿಯರ್ ಸಾಹೇಬರೇ ಬಂದು ಪ್ರವಾಸಿ ಬಂಗಲೆಯಲ್ಲಿ ಮೂರು ದಿನ ಇಳಿದುಕೊಂಡರು. ಮೈಸೂರು ಕಡೆಯವರು. ಬೂಟಿಗೆ ಧೂಳು ಹತ್ತಿದರೆ ಕಾಲು ಜಾಡಿಸಿ ನನ್ನ ಮುಖ ನೋಡುತ್ತಿದ್ದರು, ನಾನೇ ಎರಚಿದೆ ಎನ್ನುವ ಹಾಗೆ.

ಪರಿಸರದ ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ದಂಡೆಯ ಮೇಲೆ ಐದಾರು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಬಂಗಲೆಗೆ ನೀರು ಹೊರುತ್ತಿದ್ದ ನೀಲವ್ವನೂ ಅವರಲ್ಲಿದ್ದಳು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಹಿಡಿದೇ ಕೇಳಿದರು.

"ಏನಮ್ಮಾ, ಈ ಕೆರೆ ನೀರು ಕುಡೀತೀರಾ?"

ಹೆಂಗಸರೆಲ್ಲ ನಕ್ಕರು. ನೀಲವ್ವ ಹೇಳಿದಳು: "ಅಯ್ಯ, ಕೆರಿ ನೀರು ಯಾರು ಕುಡೀತಾರ್ರಿ? ಅದರಾಗ ಎಮ್ಮಿ ಬೀಳ್ತಾವ, ನಾವು ಅರಿಬಿ ಒಗೀತೇವಿ. ಯಾರೂ ಕುಡಿಯಂಗಿಲ್ರಿ."

"ಬರ್ಕೊಳ್ರೀ," ಎಂದರು ಸಾಹೇಬರು. ಬರೆದುಕೊಂಡೆ. ಕುಡಿಯಲು ಉಪಯೋಗ: ಇಲ್ಲ. ಅಲ್ಲೇ ನಿಂತು, ಆ ಹೆಂಗಸರ ಎದುರಿಗೇ ಇಬ್ಬರೂ ಸಹಿ ಮಾಡಿದೆವು. ಕುಡಿಯುವುದಿಲ್ಲವಾದರೆ ಇವರ ಪಕ್ಕದಲ್ಲಿ ಕೊಡ ಯಾಕಿವೆ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಇಂಜಿನಿಯರಿಂಗ್ ಓದಿದ ತಲೆ ಅವರದು, ಡಿಪ್ಲೊಮಾ ಮಾಡಿದ ತಲೆ ನನ್ನದು. ಎರಡರೊಳಗೂ ಅವತ್ತು ಬರೀ ಹೊಟ್ಟು.

ಮರುದಿನ ಮಧ್ಯಾಹ್ನ ಬಂಗಲೆಯಲ್ಲಿ ಸಾಹೇಬರ ಊಟ ನಡೆದಿತ್ತು. ನಾನು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಊರ ಬಾವಿಗಳ ನೀರೆಲ್ಲ ಸವಳು, ಬಾಯಿಗಿಟ್ಟರೆ ಉಪ್ಪು. ಸಾಹೇಬರು ಮಾತ್ರ ಎರಡನೇ ಲೋಟ ಗಟಗಟ ಕುಡಿದು, "ಎಂಥ ಸಿಹಿ ನೀರು ರೀ! ಯಾವ ಬಾವೀದು?" ಎಂದರು.

ಕೊಡ ಇಳಿಸುತ್ತಿದ್ದ ನೀಲವ್ವ ತಿರುಗಿದಳು. "ಬಾವಿದಲ್ರಿ, ವರ್ತಿದು. ನಿನ್ನಿ ನೀವು ಬೂಟ ಹಾಕ್ಕೊಂಡು ನಿಂತಿದ್ರಲ್ರಿ, ಅದರ ಬಾಜೂಕನ ಐತಿ. ನಮ್ಮ ಇಡೀ ಓಣಿ ಅದನ್ನ ಕುಡೀತೈತ್ರಿ."

ವರ್ತಿ ಎಂದರೆ ಕೆರೆಯಂಚಿನ ಮರಳಿನಲ್ಲಿ ಮೊಣಕಾಲುದ್ದ ತೋಡಿದ ಗುಂಡಿ. ಕೆರೆಯ ನೀರು ಮರಳಿನಲ್ಲಿ ಸೋಸಿಕೊಂಡು ಬಂದು ಅದರಲ್ಲಿ ತಿಳಿಯಾಗಿ ನಿಲ್ಲುತ್ತದೆ. ಅದನ್ನು ಬಟ್ಟಲಿನಿಂದ ಗೋರಿ ಕೊಡ ತುಂಬುತ್ತಾರೆ.

"ಮತ್ತೆ ನಿನ್ನೆ ಕುಡಿಯಲ್ಲ ಅಂದೆಯಲ್ಲಾ?" ಸಾಹೇಬರು ಗದರಿದರು.

"ನೀವು ಕೆರಿ ನೀರು ಕೇಳಿದ್ರಿ. ವರ್ತಿ ನೀರು ಎಲ್ಲಿ ಕೇಳಿದ್ರಿ?"

ಸಾಹೇಬರಿಗೆ ಆ ಶಬ್ದ ಗೊತ್ತಿರಲಿಲ್ಲ, ಸರಿ. ನನಗೇನಾಗಿತ್ತು ಧಾಡಿ? ನಾನು ಪಕ್ಕದ ಇಂಡಿ ತಾಲ್ಲೂಕಿನವನು. ನನ್ನ ಅವ್ವ ಹೊತ್ತು ತಂದ ವರ್ತಿ ನೀರು ಕುಡಿದೇ ಬೆಳೆದವನು. ನಮ್ಮ ಕಡೆ ಕೆರೆ ನೀರು ಬೇರೆ, ವರ್ತಿ ನೀರು ಬೇರೆ ಎಂಬುದು ಕೂಸಿಗೂ ಗೊತ್ತು. ಕೈಗೆ ಪೆನ್ನು ಬಂದ ಮೇಲೆ ನನಗೆ ಮರೆತುಹೋಗಿತ್ತು. ಥೂ, ಎನ್ನಿಸಿತು. ನಕಾಶೆಯ ಸಂಡಾಸು ವರ್ತಿಗಳಿಂದ ಹದಿನೈದು ಹೆಜ್ಜೆಯಲ್ಲಿತ್ತು. ಕಟ್ಟಿದ್ದರೆ ಆ ಓಣಿಯ ಮಕ್ಕಳು ಏನು ಕುಡಿಯುತ್ತಿದ್ದರೆಂದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

"ಫಾರಂ ತಿದ್ದೋಣ ಸಾರ್, ಓಣಿಯವರ ಕುಡಿಯುವ ನೀರು ಎಂದು ಬರೆಯೋಣ," ಎಂದೆ.

"ಹಾಗೆ ಬರೆದರೆ ನಾನು ಸರಿಯಾಗಿ ವಿಚಾರಿಸಲಿಲ್ಲ ಅಂತಾಗುತ್ತೆ," ಎಂದು ಅವರು ಖಾಲಿ ಲೋಟ ನೋಡಿದರು. "ಬಂಗಲೆ ನೀರು ಅಂತ ಬರೀರಿ. ಆಗ ಯಾರೂ ಕೇಳಲ್ಲ."

ಹಾಗೆಯೇ ಆಯಿತು. ಸಾವಿರ ಜನರ ಬಾಯಾರಿಕೆ ಆ ಕಾಗದದಲ್ಲಿ ಹಿಡಿಸಲಿಲ್ಲ, ಒಬ್ಬ ಸಾಹೇಬನ ಲೋಟ ಹಿಡಿಸಿತು. ಮಣ್ಣು ತುಂಬುವುದು ರದ್ದಾಯಿತು. ಉದ್ಯಾನ, ಸಂಡಾಸು ಎಲ್ಲ ಕೆರೆಯ ಆಚೆ ತುದಿಗೆ ಹೋದವು. ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ. ತಿಂಗಳೊಳಗೆ ಕಚೇರಿಯಿಂದ ಒಂದು ತಗಡಿನ ಫಲಕ ಬಂತು: "ಸರ್ಕಾರಿ ಬಂಗಲೆಯ ನೀರು. ಸಾರ್ವಜನಿಕರು ಮುಟ್ಟಬಾರದು." ವರ್ತಿಗಳ ಪಕ್ಕ ಅದನ್ನು ನೆಡುವ ಕೆಲಸ ನನ್ನದೇ. ನೆಟ್ಟೆ. ಹೊಟ್ಟೆಪಾಡು ನೋಡಿ, ಬಾಯಿ ಮುಚ್ಚಿಕೊಂಡು ನೆಟ್ಟೆ.

ನೀಲವ್ವ ಕೊಡ ಹೊತ್ತು ಬಂದಳು. "ಏನ್ ಬರದೈತ್ರಿ ಸಾಹೇಬ್ರ ಅದರಾಗ?"

ಇದ್ದದ್ದು ಓದಲು ನಾಲಗೆ ಏಳಲಿಲ್ಲ. "ಇದು ಓಣಿಯವರು ಕುಡಿಯೂ ನೀರು, ಯಾರೂ ಹೊಲಸು ಮಾಡಬ್ಯಾಡ್ರಿ ಅಂತ ಬರದೈತಿ ಬೇ," ಎಂದೆ.

ಅವಳು ಫಲಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಾಕನೇ ಇಯತ್ತೆ ತನಕಾ ಸಾಲಿ ಕಲ್ತೇನ್ರಿ ನಾನು. ನೀವು ಬಾಯಿಲೆ ಹೇಳಿದ್ದು ಚೊಲೋ ಐತಿ. ಅದನ್ನ ಬರೀರಿ ಮತ್ತ."

ಸಾಹೇಬರು ಊರನ್ನು ಕೀಳಾಗಿ ಕಂಡರೆಂದು ಅಷ್ಟು ದಿನ ಹಲ್ಲು ಕಡಿದವನು ನಾನು. ಇವಳಿಗೆ ಓದಲು ಬಾರದು ಎಂದು ಕೇಳದೆಯೇ ತೀರ್ಮಾನಿಸಿದವನೂ ನಾನೇ. ಕಚೇರಿಗೆ ಹೋಗಿ ಬಣ್ಣ, ಬ್ರಷ್ ತಂದೆ. ಅವಳ ಎದುರಿಗೇ ಹಳೆಯದನ್ನು ಅಳಿಸಿ, ಬಾಯಲ್ಲಿ ಹೇಳಿದ್ದನ್ನೇ ದೊಡ್ಡ ಅಕ್ಷರದಲ್ಲಿ ಬರೆದೆ. ನೌಕರಿ ಹೋದರೆ ಹೋಗಲಿ ಎನ್ನುವ ಸಿಟ್ಟು ಬಂದಿತ್ತು. ಹೋಗಲಿಲ್ಲ. ಸಾಹೇಬರು ಆಮೇಲೆ ಎರಡು ಸಲ ಬಂದರು, ಫಲಕದ ಹತ್ತಿರವೇ ನಿಂತು ಬೂಟು ಜಾಡಿಸಿದರು, ಓದಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ನಾನು ಯಾವ ಊರಿಗೆ ಹೋದರೂ "ಇದನ್ನು ಕುಡಿಯುತ್ತೀರಾ" ಎಂದು ಕೇಳಲಿಲ್ಲ, "ಏನು ಕುಡಿಯುತ್ತೀರಿ" ಎಂದು ಕೇಳಿದೆ. ಬರೆದದ್ದನ್ನು ಅವರ ಎದುರಿಗೆ ಗಟ್ಟಿಯಾಗಿ ಓದಿದ ಮೇಲೆಯೇ ಸಹಿ ಮಾಡಿದೆ. ಆ ಪಾಠ ಕಲಿಸಿದ್ದು ನೀಲವ್ವ. ಅವತ್ತು ಬಣ್ಣ ಆರುವವರೆಗೂ ಅವಳು ಕೊಡ ಇಳಿಸಿ ಅಲ್ಲೇ ನಿಂತಿದ್ದಳು. ಅಕ್ಷರ ಅಕ್ಷರ ಓದಿ ಮುಗಿಸಿ, ಫಲಕದ ಕೆಳಗೆ ಬೆರಳಿಟ್ಟು ತೋರಿಸಿದಳು.

"ಸಹಿ ಮಾಡ್ರಿ. ಸುಳ್ಳ ಕಾಗದಕ್ಕ ಮಾಡಿದ್ರಲ್ಲ, ಹಂಗ."

ಮಾಡಿದೆ.