ಬಿಟ್ಟ ಸ್ಥಳದ ಮೇಷ್ಟ್ರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಬ್ಬಿಣದ ಕೊಳವೆಗಳನ್ನು ಲಾರಿಗೆ ಏರಿಸುವ ಸದ್ದಿಗೆ ಯಾರ್ಡಿನ ಎದುರು ಮನೆಯವರು ಎಚ್ಚರವಾಗಿ, ಒಂದಷ್ಟು ಬೈದುಕೊಂಡು, ಮತ್ತೆ ಮಗ್ಗುಲು ಬದಲಿಸಿರಬೇಕು. ಎತ್ತರದ ಗೋಡೆಗಳಿಗೆ ಬಣ್ಣ ಬಳಿಯುವವರು, ಗಾರೆ ಮಾಡುವವರು ನಿಂತು ಕೆಲಸ ಮಾಡಲು ಕಟ್ಟುತ್ತಾರಲ್ಲ ಸಾರುವೆ, ಅದರ ಕೊಳವೆ, ಹಲಗೆ, ಹಗ್ಗಗಳನ್ನು ಬಾಡಿಗೆಗೆ ಕೊಡುವ ಜಾಗ ಇದು. ಗೇಟಿನ ಪಕ್ಕಕ್ಕೆ ತಗಡಿನ ಮಾಡಿನ ಒಂದು ಕೋಣೆ. ಒಳಗೆ ಒಂದು ಮೇಜು, ನಾಲ್ಕಾರು ಕುರ್ಚಿ, ಗೋಡೆಗೆ ತೂಗುಹಾಕಿದ ಹಳದಿ ಹೆಲ್ಮೆಟ್ಟುಗಳು, ಮೇಜಿನ ಮೇಲೆ ಮೂಲೆ ಬಿರುಕುಬಿಟ್ಟ ಒಂದು ಟ್ಯಾಬ್. ಅದರ ಮುಂದೆ ಕುಳಿತವರು ಎಡಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದಾರೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ.

"ಕೆರೆದ ಹಳೇ ಗಾರೆ ಎತ್ತೋರು ಯಾರು?" ಎಂದು ಅವರು ಕೇಳುತ್ತಾರೆ.

ಎದುರಿಗೆ ಇಬ್ಬರಿದ್ದಾರೆ. ಒಬ್ಬ ಕಟ್ಟಡದ ಪೂರ್ತಿ ಗುತ್ತಿಗೆ ಹಿಡಿದವನು, ಇನ್ನೊಬ್ಬ ಅವನಿಂದ ಗಾರೆ ಕೆಲಸ ಒಪ್ಪಿಕೊಳ್ಳಲು ಬಂದವನು. "ಅದು ಇವರದ್ದೇ ಅಲ್ವಾ?" ಎಂದು ಇಬ್ಬರೂ ಒಟ್ಟಿಗೆ ಹೇಳಿ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಟ್ಯಾಬಿನವರು ಬೆರಳು ಮೇಲೆತ್ತಿ ಕಾಯುತ್ತಾರೆ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತದೆ. ಬೆರಳು ಇಳಿಯುವುದಿಲ್ಲ. ಕೊನೆಗೆ ಇಬ್ಬರೂ ಒಂದಿಷ್ಟು ಗೊಣಗಾಡಿ, ಮೇಲಿಂದ ಇಳಿಸುವುದು ಗಾರೆಯವನು, ಅಲ್ಲಿಂದ ಸಾಗಿಸುವುದು ಗುತ್ತಿಗೆದಾರ ಎಂದು ಮಾತಾದ ಮೇಲೆ ಬೆರಳು ಮತ್ತೆ ಗಾಜಿನ ಮೇಲೆ ಬರುತ್ತದೆ.

ಯಾರ್ಡಿಗೆ ಬರುವವರೆಲ್ಲ ಅವರನ್ನು ಕರೆಯುವುದು 'ಬಿಟ್ಟ ಸ್ಥಳದ ಮೇಷ್ಟ್ರು' ಎಂದು. ಶಾಲೆಯಲ್ಲಿ ನಮ್ಮನ್ನೆಲ್ಲ ಕಾಡಿದ 'ಬಿಟ್ಟ ಸ್ಥಳ ತುಂಬಿರಿ' ಪ್ರಶ್ನೆಯನ್ನು ಅವರು ಇನ್ನೂ ಕೈಬಿಟ್ಟಿಲ್ಲ. ಅವರೇನೂ ಪಾಠ ಹೇಳಿದವರಲ್ಲ. ಸಾರುವೆ ಕಟ್ಟುತ್ತಿದ್ದವರು, ಈಗ ಗುತ್ತಿಗೆಯ ಅಗ್ರಿಮೆಂಟು ತುಂಬುವವರು. ಫಾರ್ಮ್ ಟ್ಯಾಬಿಗೆ ಬರುತ್ತದೆ, ಇಬ್ಬರೂ ಬಂದು ಕೂರುತ್ತಾರೆ, ಮೇಷ್ಟ್ರು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಕೇಳಿ, ತುಂಬಿ, ತಪ್ಪಿದ್ದರೆ ತಿದ್ದಿ, ಕೊನೆಗೆ ಬೆರಳಲ್ಲೇ ಸೈನ್ ಹಾಕಿಸುತ್ತಾರೆ. ಅಗ್ರಿಮೆಂಟು ಆಗದೆ ಯಾರ್ಡಿನ ಸಾಮಾನು ಹೊರಗೆ ಹೋಗುವುದಿಲ್ಲ, ಲಾರಿ ಹೊರಡುವುದು ಆಮೇಲೆ. ದಿನಕ್ಕೆ ಹತ್ತು ಹನ್ನೆರಡು ಫಾರ್ಮ್ ಆಗುತ್ತವೆ. ಅವಸರದಲ್ಲಿರುವವರಿಗೆ ಅವರ ನಿಧಾನ ಕಂಡರೆ ಮೈಯೆಲ್ಲ ಉರಿಯುತ್ತದೆ.

ಹೀಗೆ ಉರಿದವರು ಕಲಿತ ಒಂದು ಕಳ್ಳದಾರಿ ಇದೆ. ಫಾರ್ಮಿನಲ್ಲಿ ಕೆಂಪು ನಕ್ಷತ್ರ ಇರುವ ಜಾಗವನ್ನು ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಆದರೆ ಅಲ್ಲಿ ಒಂದು ಚುಕ್ಕೆ ಒತ್ತಿದರೆ ಸಾಕು, ಕೆಂಪು ಹೋಗಿ ಹಸಿರಾಗುತ್ತದೆ. ಮೇಷ್ಟ್ರ ದೊಡ್ಡ ಶತ್ರು ಈ ಚುಕ್ಕೆ. ಬೇರೆಯವರು ತುಂಬಿಸಿ ಕಳಿಸಿದ ಫಾರ್ಮ್ ಬಂದರೆ ಪ್ರತಿ ಚೌಕವನ್ನೂ ಎರಡು ಬೆರಳಿನಿಂದ ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. "ಕಂಪ್ಯೂಟರು ಪಾಪ, ಚುಕ್ಕೆ ಕಂಡ್ರೂ ತುಂಬಿದೆ ಅಂತ ನಂಬುತ್ತೆ. ಮೇಲಿಂದ ಬಿದ್ದವನನ್ನ ಚುಕ್ಕೆ ಹಿಡಿಯಲ್ಲ," ಎನ್ನುತ್ತಾರೆ.

ಈ ಮಾತನ್ನು ಹೇಳಲು ಅವರಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಹಿಂದೊಮ್ಮೆ ಒಂದು ಗೋದಾಮಿನ ಗೋಡೆಗೆ ಅವರು ಸಾರುವೆ ಕಟ್ಟುತ್ತಿದ್ದರು. ಕಾಗದದ ಫಾರ್ಮಿನಲ್ಲಿ 'ಸೊಂಟಪಟ್ಟಿ ಮತ್ತು ಹಗ್ಗ ಒದಗಿಸುವವರು' ಎಂಬಲ್ಲಿ ಒಂದು ಉದ್ದನೆಯ ಗೆರೆ ಮಾತ್ರ ಇತ್ತು. ಆ ಗೆರೆಯ ಮೇಲೆ ಯಾರೂ ಏನೂ ಬರೆಯಲಿಲ್ಲ. ಬೆಳಗಿನ ಮಂಜಿಗೆ ಹಲಗೆ ಒದ್ದೆಯಾಗಿತ್ತು, ಕಾಲು ಜಾರಿತು. ಬಲಗೈ ಮೂರು ಕಡೆ ಮುರಿದು ಮತ್ತೆ ಕೂಡಿಕೊಂಡಿತು, ಆದರೆ ಮುಷ್ಟಿ ಕಟ್ಟುವುದನ್ನು ಮರೆಯಿತು.

ಆ ಗೋದಾಮಿನ ಗುತ್ತಿಗೆದಾರನ ಮೇಲೆ ಸಿಟ್ಟಿಲ್ಲವೇ ಎಂದು, ಅವರ ಬಗ್ಗೆ ಲೇಖನ ಬರೆಯಲು ಬಂದ ನಾನು ಕೇಳುತ್ತೇನೆ. ನನಗಂತೂ ಇದೆ. ಮೇಷ್ಟ್ರು ಇಲ್ಲವೆಂದು ತಲೆಯಾಡಿಸುತ್ತಾರೆ. "ಅವನು ಕೆಟ್ಟವನಲ್ಲ. ನಾನು ತರ್ತೀನಿ ಅಂತ ಅವನು ಅಂದ್ಕೊಂಡ, ಅವನು ತರ್ತಾನೆ ಅಂತ ನಾನು ಅಂದ್ಕೊಂಡೆ. ಇಬ್ಬರೂ ಅಂದ್ಕೊಂಡ್ವಿ. ಇಬ್ಬರೂ ಕೇಳಲಿಲ್ಲ."

ಆಸ್ಪತ್ರೆಯಿಂದ ಬಂದವರಿಗೆ ಯಾರ್ಡಿನ ಯಜಮಾನಿ ಈ ಕುರ್ಚಿ ಕೊಟ್ಟರು. ಮಾತು ಒರಟು, ಮನಸ್ಸು ಮೆತ್ತಗಿರುವ ಹೆಂಗಸು. "ಕೈ ಹೋದ್ರೆ ಹೋಯ್ತು, ಬಾಯಿ ಇದೆಯಲ್ಲ, ಕೂತ್ಕೊಳಿ," ಎಂದರಂತೆ. ಟ್ಯಾಬ್ ಕಲಿಸಿದ್ದು ಮಾತ್ರ ಮನೆಯಲ್ಲಿ ಹೆಂಡತಿ. ಅಭ್ಯಾಸಕ್ಕೆಂದು ಮೇಷ್ಟ್ರು ಮನೆಯದ್ದೇ ಒಂದು ಅಗ್ರಿಮೆಂಟು ತಯಾರಿಸಿದರು. ಬೆಳಿಗ್ಗೆ ನೀರು ಹಿಡಿಯುವವರು, ಪಾತ್ರೆ ತೊಳೆಯುವವರು, ಬಟ್ಟೆ ಒಣಹಾಕುವವರು, ಹೀಗೆ. ಎಲ್ಲದರ ಮುಂದೂ ಬಿಟ್ಟ ಸ್ಥಳ. ಹೆಂಡತಿ ಕೂತಲ್ಲೇ ಅಷ್ಟನ್ನೂ ತುಂಬಿಸಿಕೊಟ್ಟರು. ಎಲ್ಲ ಜಾಗದಲ್ಲೂ ಗಂಡನ ಹೆಸರೇ ಇತ್ತು. "ಒಂದೂ ಖಾಲಿ ಬಿಡಬೇಡ ಅಂದಿದ್ದು ಅವರೇ ತಾನೇ," ಎಂದು ಆಕೆ ಈಗಲೂ ನಗುತ್ತಾರೆ. ಆ ಅಗ್ರಿಮೆಂಟು ಇವತ್ತಿಗೂ ಜಾರಿಯಲ್ಲಿದೆ ಎಂದು ಮೇಷ್ಟ್ರು ದೂರುತ್ತಾರೆ.

ಶುರುವಿನಲ್ಲಿ ಎಡವಟ್ಟೂ ಆಗಿದೆ. ಹೊಸ ಫಾರ್ಮ್ ಮಾಡುವಾಗ ಹಳೆಯದೊಂದನ್ನು ತೆಗೆದುಕೊಂಡು ಹೆಸರು ಬದಲಿಸುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಮೇಷ್ಟ್ರೂ ಮಾಡಿದರು. ಕೊಳವೆಬಾವಿಯವನ ಫಾರ್ಮನ್ನು ತಿದ್ದಿ ಬಣ್ಣದವನಿಗೆ ಕೊಟ್ಟರು, ಒಂದು ಸಾಲು ಹಾಗೇ ಉಳಿದುಬಿಟ್ಟಿತು. ಮರುದಿನ ಬಣ್ಣದವನು ತಲೆ ಕೆರೆದುಕೊಳ್ಳುತ್ತಾ ಬಂದ. "ಮೇಷ್ಟ್ರೇ, ನೀರು ಬರೋವರೆಗೂ ಕೆಲಸ ನಿಲ್ಲಿಸಬಾರದು ಅಂತಿದೆ. ಗೋಡೆಯಲ್ಲಿ ನೀರು ಬರೋವರೆಗೂ ಬಣ್ಣ ಹೊಡೀಲಾ?" ಮೇಷ್ಟ್ರು ಗಂಭೀರವಾಗಿಯೇ ಉತ್ತರಿಸಿದರಂತೆ: "ಗೋಡೇಲಿ ನೀರು ಬಂದ್ರೆ ಅದು ಸೋರಿಕೆ. ಅದಕ್ಕೆ ಬೇರೆ ಅಗ್ರಿಮೆಂಟು ಮಾಡ್ಬೇಕು." ಅಂದಿನಿಂದ ಅವರು ಖಾಲಿ ಫಾರ್ಮಿನಿಂದಲೇ ಶುರುಮಾಡುತ್ತಾರೆ. ಬಣ್ಣದವನು ಆ ಹಳೆಯ ಪ್ರತಿಯನ್ನು ಫೋನಿನಲ್ಲಿ ಜೋಪಾನವಾಗಿಟ್ಟುಕೊಂಡು ಸಿಕ್ಕವರಿಗೆಲ್ಲ ತೋರಿಸುತ್ತಾನೆ.

ಗಾರೆಯವರು ಎದ್ದು ಹೋದ ಮೇಲೆ ಕೋಣೆಗೆ ಒಬ್ಬ ಹುಡುಗಿ ಬರುತ್ತಾಳೆ. ಅಂಗಿಯ ತೋಳಿನ ಮೇಲೆ ನಾಲ್ಕು ಬಣ್ಣದ ಕಲೆ, ಕೂದಲಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಮೇಷ್ಟ್ರ ಒಬ್ಬಳೇ ಮಗಳು. ಐದಾರು ಜನರ ಬಣ್ಣದ ತಂಡ ಕಟ್ಟಿಕೊಂಡು ಇಷ್ಟು ದಿನ ಒಂದಂತಸ್ತು, ಎರಡಂತಸ್ತಿನ ಮನೆಗಳಿಗೆ ಬಣ್ಣ ಬಳಿದವಳು. ಇವತ್ತು ಮೊದಲ ಸಲ ಒಂಬತ್ತು ಮಹಡಿಯ ಕಟ್ಟಡದ ಹೊರಗೋಡೆ ಸಿಗುತ್ತಿದೆ. ಇದನ್ನು ಮಾಡಿ ತೋರಿಸಿದರೆ ಎತ್ತರದ ಕೆಲಸಗಳಿಗೆಲ್ಲ ಅವಳ ತಂಡವನ್ನು ಕರೆಯುತ್ತಾರೆ. ಬಿಟ್ಟರೆ ಮತ್ತೆ ಕಾಂಪೌಂಡ್ ಗೋಡೆಯೇ ಗತಿ. ಅವಳ ಹಿಂದೆಯೇ ಆ ಕೆಲಸದ ಗುತ್ತಿಗೆದಾರರು ಬರುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಎರಡು ಫೋನುಗಳ ನಡುವೆ ಬದುಕುವವರು. ಫಾರ್ಮನ್ನು ಮುಂಚೆಯೇ ತುಂಬಿಸಿ ಕಳಿಸಿದ್ದಾರೆ. ಎಲ್ಲ ಚೌಕಗಳೂ ಹಸಿರು.

ಮೇಷ್ಟ್ರು ಓದುತ್ತಾ ಹೋಗುತ್ತಾರೆ. ಎಷ್ಟು ಸಲ ಬಳಿಯಬೇಕು, ಬಣ್ಣ ಯಾರದ್ದು, ಮಳೆ ಬಂದರೆ ಏನು. ಮಗಳೆಂದು ದನಿ ಬದಲಾಗುವುದಿಲ್ಲ. ಒಂದು ಕಡೆ ಬೆರಳು ನಿಲ್ಲುತ್ತದೆ. ಅವರು ಚೌಕವನ್ನು ಹಿಗ್ಗಿಸುತ್ತಾರೆ. 'ಸುರಕ್ಷತಾ ಬಲೆ ಮತ್ತು ಹಗ್ಗ ಒದಗಿಸುವವರು' ಎಂಬುದರ ಮುಂದೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇದೆ.

"ಇಲ್ಲಿ ಚುಕ್ಕೆ ಇದೆ, ಸಾರ್," ಎನ್ನುತ್ತಾರೆ ಮೇಷ್ಟ್ರು.

"ಅದು ಆಮೇಲೆ ನೋಡ್ಕೊಳೋಣ ಮೇಷ್ಟ್ರೇ. ಲಾರಿ ಕಾಯ್ತಿದೆ."

"ಬಲೆ ಯಾರದ್ದು?"

ಗುತ್ತಿಗೆದಾರರು ಕುರ್ಚಿ ಹಿಂದಕ್ಕೆ ಸರಿಸಿ ಏಳುತ್ತಾರೆ. "ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಹಾಗಾಯ್ತು ನಿಮ್ಮದು. ಒಂದು ಚುಕ್ಕೆಗೆ ಇಷ್ಟು ಮಾತಾ? ನಿಮ್ಮ ಮಗಳು ಅಂತ ಕೆಲಸ ತಂದಿದ್ದೀನಿ. ಇವತ್ತೇ ಶುರುಮಾಡೋಕೆ ಇನ್ನೊಂದು ತಂಡ ರೆಡಿ ಇದೆ." ಇಷ್ಟು ಹೇಳಿ ಅವರು ಬಾಗಿಲವರೆಗೆ ಹೋಗುತ್ತಾರೆ.

ಮಗಳ ಮುಖ ಕೆಂಪಾಗುತ್ತದೆ. "ಅಪ್ಪಾ, ಬಿಟ್ಟುಬಿಡು. ಹಗ್ಗ, ಬಲೆ ಎಲ್ಲ ನಾನು ಹೇಗೋ ನೋಡ್ಕೋತೀನಿ," ಎಂದು ಪಿಸುಗುಡುತ್ತಾಳೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವ ಹೊತ್ತು. ಪಕ್ಕದಲ್ಲಿ ಕೂತ ನನಗೇ, ಹೋಗಲಿ, ಏನಾದರೊಂದು ಬರೆದು ಮುಗಿಸಬಾರದೇ ಅನ್ನಿಸುತ್ತದೆ. 'ಗುತ್ತಿಗೆದಾರರು' ಎಂದು ತಾವೇ ತುಂಬಿದರೆ ಯಾರಿಗೆ ಗೊತ್ತಾಗುತ್ತದೆ? ಆಮೇಲೆ ಇದನ್ನು ಕೇಳಿದಾಗ ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿದರು. "ನಾನು ತುಂಬಿದ್ರೆ ಅದು ನನ್ನ ಮಾತಾಯ್ತು. ಅವರ ಬಾಯಿಂದ ಬಂದ್ರೇನೇ ಅವರು ತರೋದು."

ಮೇಷ್ಟ್ರು ಟ್ಯಾಬನ್ನು ನಿಧಾನವಾಗಿ ಮಗಳ ಕಡೆಗೆ ತಿರುಗಿಸುತ್ತಾರೆ. "ಹೇಗೋ ಅಂತ ಬರಿಯೋಕಾಗಲ್ಲಮ್ಮ. ಮೇಲೆ ಹತ್ತೋಳು ನೀನು. ನೀನೇ ಕೇಳು."

ಅವಳು ಆ ಚುಕ್ಕೆಯನ್ನು ನೋಡುತ್ತಾಳೆ. ನೋಡಿ, ತಿರುಗಿ, ಬಾಗಿಲಲ್ಲಿ ನಿಂತವರನ್ನು ಕೇಳುತ್ತಾಳೆ. "ಸಾರ್, ಹಗ್ಗ, ಸೊಂಟಪಟ್ಟಿ ನಮ್ಮದು. ಅದು ನಮ್ಮ ಹತ್ತಿರ ಇದೆ. ಬಲೆ ಯಾರದ್ದು ಸಾರ್?"

"ಬಲೆ ಕಟ್ಟಡದವರೇ ಕೊಡ್ತಾರಮ್ಮ," ಎನ್ನುತ್ತಾ ಅವರು ಫೋನ್ ಎತ್ತಿ ಕಟ್ಟಡದ ಕಾರ್ಯದರ್ಶಿಗೆ ಕರೆ ಮಾಡುತ್ತಾರೆ. ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತದೆ. "ಬಲೆ ನೀವು ತರ್ತೀರಿ ಅಂದ್ಕೊಂಡಿದ್ವಲ್ಲ ಸಾರ್." ಗುತ್ತಿಗೆದಾರರು ಫೋನನ್ನು ಜೇಬಿಗೆ ಹಾಕಿ, ಸ್ವಲ್ಪ ಹೊತ್ತು ಗೋಡೆಯ ಹೆಲ್ಮೆಟ್ಟುಗಳನ್ನು ನೋಡುತ್ತಾ ನಿಂತು, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ.

"ಬರ್ಕೊಳಿ ಮೇಷ್ಟ್ರೇ. ಬಲೆ ನನ್ನದು," ಎನ್ನುತ್ತಾರೆ.

ಮೇಷ್ಟ್ರು ಚುಕ್ಕೆ ಅಳಿಸುತ್ತಾರೆ. ಎಡಗೈಯ ಬೆರಳು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನಾವು ಮೂವರೂ ನೋಡುತ್ತೇವೆ. ಬಾಗಿಲಾಚೆ ಅಷ್ಟೂ ಹೊತ್ತು ಕಿವಿಗೊಟ್ಟು ನಿಂತಿದ್ದ ಯಜಮಾನಿ ಈಗ ಒಳಗೆ ತಲೆಹಾಕುತ್ತಾರೆ. "ಬಲೆ ನಮ್ಮಲ್ಲೂ ಇದೆ ಸಾರ್. ಬಾಡಿಗೆ ದುಡ್ಡು ಕೊಡೋರು ಯಾರು ಅಂತ ಅದನ್ನೂ ಈಗಲೇ ಬರೆಸಿಬಿಡಿ." ಮೊದಲು ನಗುವುದು ಗುತ್ತಿಗೆದಾರರೇ. ಮಗಳು ಸೈನ್ ಹಾಕಿ ಹೊರಡುವಾಗ ಅಪ್ಪನ ಕಡೆ ನೋಡುವುದಿಲ್ಲ. ಇನ್ನೂ ಕೋಪ ಇಳಿದಿಲ್ಲ. ಲಾರಿಗೆ ಹಸಿರು ಬಲೆಯ ಸುರುಳಿಗಳು ಏರುತ್ತವೆ.

ಕೆಲವು ವಾರ ಬಿಟ್ಟು, ಫೋಟೊ ತೆಗೆಯುವ ನೆಪದಲ್ಲಿ ಒಂದು ಸಂಜೆ ನಾನು ಮತ್ತೆ ಯಾರ್ಡಿಗೆ ಹೋಗುತ್ತೇನೆ. ನಿಜ ಹೇಳಬೇಕೆಂದರೆ ಆ ಒಂಬತ್ತು ಮಹಡಿ ನನ್ನ ತಲೆಯಿಂದ ಇಳಿದಿರಲಿಲ್ಲ. ಮೇಷ್ಟ್ರು ಟ್ಯಾಬಿನಲ್ಲಿ ಒಂದು ಫಾರ್ಮ್ ತೆರೆದಿಟ್ಟು, ಅದರ ಪಕ್ಕಕ್ಕೆ ಫೋನ್ ಇಟ್ಟು ಕೂತಿದ್ದಾರೆ. ಯಾವ ಫಾರ್ಮ್ ಎಂದು ಕೇಳುವ ಅಗತ್ಯವಿಲ್ಲ. ಕೊನೆಯ ಪುಟದಲ್ಲಿ 'ಕೆಲಸ ಮುಗಿದ ದಿನಾಂಕ'ದ ಕೆಳಗೆ ಇನ್ನೊಂದು ಸಾಲಿದೆ. ಬೇರೆ ಯಾವ ಅಗ್ರಿಮೆಂಟಿನಲ್ಲೂ ನಾನು ಕಾಣದ ಸಾಲು ಅದು, ಮೇಷ್ಟ್ರೇ ಸೇರಿಸಿದ್ದು. 'ಹತ್ತಿದವರೆಲ್ಲ ಇಳಿದಿದ್ದಾರೆಯೇ?' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದಾರೆ. ಎತ್ತರದ ಕೆಲಸ ಯಾವುದೇ ಇರಲಿ, ಮುಗಿದ ದಿನ ಯಾರಾದರೂ ಫೋನ್ ಮಾಡಿ ಹೇಳುವವರೆಗೆ ಆ ಫಾರ್ಮನ್ನು ಅವರು ಮುಚ್ಚುವುದಿಲ್ಲ. ಈ ಹಟಕ್ಕೂ ಎಲ್ಲರೂ ನಗುತ್ತಾರೆ, ನಗುತ್ತಲೇ ಫೋನ್ ಮಾಡುತ್ತಾರೆ.

ಫೋನ್ ಹೊಡೆದುಕೊಳ್ಳುತ್ತದೆ. ಮಗಳ ದನಿ ದಣಿದಿದೆ, ಖುಷಿಯಾಗಿದೆ. "ಅಪ್ಪಾ, ಮುಗೀತು. ಇನ್ನೆರಡು ಕಟ್ಟಡಕ್ಕೂ ನಮ್ಮನ್ನೇ ಕರೆದಿದ್ದಾರೆ. ಆಮೇಲೆ ಇನ್ನೊಂದು ವಿಷಯ. ಅಷ್ಟು ರಂಪ ಮಾಡಿ ಹಾಕಿಸಿದ ಬಲೆಗೆ ಬಿದ್ದಿದ್ದು ಒಂದೇ ಒಂದು ಬ್ರಷ್."

"ಬಲೆ ಅಂದ್ಮೇಲೆ ಹಾಗೇ ಇರಬೇಕಮ್ಮ," ಎನ್ನುತ್ತಾರೆ ಮೇಷ್ಟ್ರು. "ಎಲ್ಲರೂ ಇಳಿದ್ರಾ?"

"ಎಲ್ಲರೂ."

"ನೀನು?"

"ನೆಲದ ಮೇಲೆ ನಿಂತೇ ಮಾತಾಡ್ತಿದ್ದೀನಪ್ಪ. ನಿನ್ನ ಫಾರ್ಮ್ ಮುಚ್ಚಿ ಮನೆಗೆ ಹೋಗು."

ಮೇಷ್ಟ್ರು ಫೋನ್ ಕೆಳಗಿಟ್ಟು ಆ ಜಾಗದಲ್ಲಿ 'ಹೌದು' ಎಂದು ಒತ್ತುತ್ತಾರೆ. ನಾಲ್ಕೇ ನಾಲ್ಕು ಒತ್ತು ಬೇಕಾದ ಪದಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತಾರೆ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ನಾನು ಇಂಥ ಲೇಖನಗಳಲ್ಲಿ ಎಲ್ಲರೂ ಕೇಳುವುದನ್ನೇ ಕೇಳುತ್ತೇನೆ: ಏನಾದರೂ ಆಸೆ ಇದೆಯೇ? ಹೊಸ ಟ್ಯಾಬ್ ಕೇಳುತ್ತಾರೇನೋ ಎಂದು ನನ್ನ ಎಣಿಕೆ.

"ಈ ಒಂದು ಸಾಲು ಯಾವತ್ತೂ ಖಾಲಿ ಉಳೀಬಾರದು. ಅಷ್ಟೇ."

"ಇಷ್ಟು ವರ್ಷದಲ್ಲಿ ಉಳಿದಿದೆಯಾ?"

ಮೇಷ್ಟ್ರು ಟ್ಯಾಬನ್ನು ಮುಚ್ಚಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ ಅದರ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ.

"ಒಂದೂ ಉಳಿದಿಲ್ಲ."